ಗೇರು, ಎಂಜಿನ್ನಿನ ಭಾರ, ಪೆಟ್ರೋಲಿನ ವೆಚ್ಚ



ಮೋಟಾರು ನಡೆಸುವವರಲ್ಲಿ ಎರಡು ನಂಬಿಕೆಗಳುಂಟು. ಎಂಜಿನ್ನಿನ ಮೇಲೆ ಭಾರ ಕಡಿಮೆಯಾದಷ್ಟೂ ಪೆಟ್ರೋಲು ಉಳಿಯುವುದೆಂಬುದು ಒಂದು. ಇಳಿಜಾರಿನಲ್ಲಿ ಗೇರನ್ನು ಬಿಡಿಸಿಬಿಟ್ಟರೆ ಮತ್ತಷ್ಟು ಉಳಿಯುವುದೆಂಬುದು ಇನ್ನೊಂದು. ಇವೆರಡನ್ನೂ ಕೊಂಚ ಪರೀಕ್ಷಿಸಿ ನೋಡೋಣ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರು ವೇಗದಿಂದ ಹೋಗುತ್ತಿರುವೆವೆಂದು ಭಾವಿಸೋಣ. ಮೂರನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಐದನೆಯದರಲ್ಲಿ 1800 ಸುತ್ತು ಸಾಕೆಂದಿಟ್ಟುಕೊಳ್ಳೋಣ. ನಾಲ್ಕು ಸಿಲಿಂಡರುಗಳ ಸಾಮಾನ್ಯ ಎಂಜಿನ್ನಿನಲ್ಲಿ ಸುತ್ತಿಗೆರಡು ದಹನಗಳು. ಎಂದರೆ ಅಲ್ಲಿ ನಿಮಿಷಕ್ಕೆ 6000, ಇಲ್ಲಿ 3600. ಗಾಡಿಗೆ ಬೇಕಾದ ಶಕ್ತಿ ಎರಡು ಕಡೆಯೂ ಒಂದೇ. ಆದುದರಿಂದ ಐದನೆಯ ಗೇರಿನಲ್ಲಿ ಪ್ರತಿಯೊಂದು ದಹನವೂ ಹೆಚ್ಚು ಬಲವಾಗಿರಬೇಕು. ಭಾರ ಹೆಚ್ಚಿತು, ಆದರೂ ಪೆಟ್ರೋಲಿನ ವೆಚ್ಚ ತಗ್ಗುವುದು. ಇದು ಹೇಗೆ?

ಒಂದೊಂದು ಸುತ್ತಿಗೂ ಎಂಜಿನ್ನು ತನ್ನ ಅಂಗಗಳ ಘರ್ಷಣೆಗೆ ತೆರಿಗೆ ತೆರಬೇಕು. ಸುತ್ತುಗಳು ಕಡಿಮೆಯಾದರೆ ತೆರಿಗೆಯೂ ಕಡಿಮೆ. ಅಲ್ಲದೆ, ಪೆಟ್ರೋಲು ಎಂಜಿನ್ನಿನ ಭಾರ ಹಗುರವಾಗಿದ್ದಾಗ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಆ ಕಿರಿದಾದ ಸಂದಿಯಿಂದ ಗಾಳಿಯನ್ನೆಳೆದುಕೊಳ್ಳುವುದೇ ಪಿಸ್ಟನ್ನಿಗೊಂದು ವ್ಯರ್ಥ ಶ್ರಮ. ಭಾರ ಹೆಚ್ಚಿದಾಗ ಬಾಗಿಲು ತೆರೆಯುತ್ತದೆ, ಶ್ರಮ ಇಳಿಯುತ್ತದೆ.

ಇದಕ್ಕೂ ಮಿತಿಯುಂಟು. ಸುತ್ತು ತೀರ ಇಳಿದಾಗ ಭಾರ ಹೇರಿದರೆ ಎಂಜಿನ್ನು ಕುಲುಕುತ್ತದೆ, ಕೆಲವೊಮ್ಮೆ ಒಳಗೆ ಬಡಿದಂತೆ ಸದ್ದಾಗುತ್ತದೆ. ಏರಿನಲ್ಲಿ ಆ ಸೂಚನೆ ಕಂಡೊಡನೆ ಕೆಳಗಿನ ಗೇರಿಗೆ ಬರುವುದೇ ವಿವೇಕ. ಅಲ್ಲಿ ಎಂಜಿನ್ನಿನ ತಿರುಚುಬಲ ಹಲವು ಮಡಿಯಾಗಿ ಚಕ್ರಕ್ಕೆ ಮುಟ್ಟುತ್ತದೆ.

ಇನ್ನು ಇಳಿಜಾರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಗೇರು ಬಿಡಿಸಿ ಜಾರುವವನು ಏನನ್ನು ಉಳಿಸುತ್ತಾನೆ? ಹಿಂದಿನ ಕಾರ್ಬುರೇಟರು ಗಾಡಿಗಳ ಮಾತು ಬೇರೆ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂದಿನ ಎಂಜಿನ್ನುಗಳಲ್ಲಿ, ಗೇರು ಹಾಕಿರುವಂತೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಸುತ್ತು ಬಹಳ ಇಳಿಯುವವರೆಗೂ ಸಾಮಾನ್ಯವಾಗಿ ಪೆಟ್ರೋಲಿನ ಸರಬರಾಜೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಗೇರು ಬಿಡಿಸಿದೆವೋ, ಎಂಜಿನ್ನು ತಾನಾಗಿ ತಿರುಗುತ್ತಿರಲು ಪೆಟ್ರೋಲು ಕುಡಿಯುತ್ತದೆ. ಇಷ್ಟೇ ಅಲ್ಲ, ಗಾಡಿಯ ವೇಗವನ್ನು ತಡೆಯುವ ಹೊರೆಯೆಲ್ಲವೂ ಬ್ರೇಕುಗಳ ಮೇಲೆ ಬೀಳುತ್ತದೆ. ಎಡೆಬಿಡದೆ ಒತ್ತಿದ ಬ್ರೇಕು ಕಾದು, ಬೇಕಾದ ತಿರುವಿನಲ್ಲಿಯೇ ಹಿಡಿತ ಕಳೆದುಕೊಳ್ಳಬಹುದು.

ಆದಕಾರಣ ಸಮತಟ್ಟಿನಲ್ಲಿ ಎಂಜಿನ್ನು ಸುಖವಾಗಿ ಎಳೆಯುವಷ್ಟು ಮೇಲಿನ ಗೇರನ್ನು ಬಳಸೋಣ. ಘಟ್ಟವನ್ನು ಯಾವ ಗೇರಿನಲ್ಲಿ ಏರಿದೆವೋ ಅದರಲ್ಲಿಯೇ ಇಳಿಯೋಣ. ಮೊದಲನೆಯದರಿಂದ ಹಣ ಉಳಿಯುವುದು. ಎರಡನೆಯದರಿಂದ ಹಣದೊಡನೆ ಜೀವವೂ ಉಳಿಯುವುದು.