ಎಣ್ಣೆಯೂ ಸಕ್ಕರೆ ಬೇನೆಯೂ



ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು. ಜಮಾ-ಖರ್ಚು ತಾಳೆ ನೋಡುವುದಷ್ಟೇ ನಮಗೆ ಬಂದ ವಿದ್ಯೆ. ಈ ವಿಷಯವನ್ನೂ ಆ ಕಣ್ಣಿನಿಂದಲೇ ನೋಡಿದ್ದೇವೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಯಾರಾದರೂ ಕಲೋಂಜಿ ಎಣ್ಣೆಯ ಸೀಸೆ ತಂದು, "ಕಾಕಾ, ಇದನ್ನ ಕುಡೀರಿ, ಗುಳಿಗಿ ಬಿಡ್ರಿ" ಎಂದರೆ ಮನಸ್ಸು ಅತ್ತ ವಾಲುವುದು ಸಹಜ.

ಗಿಡಮೂಲಿಕೆಯಲ್ಲಿ ಗುಣವಿಲ್ಲವೆಂದು ನಾವು ಹೇಳಲಾರೆವು. ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೇ ಗೆಲೀಗಾ ಎಂಬ ಯೂರೋಪಿನ ಸಸ್ಯ. ಅದರಲ್ಲಿ ದೊರೆತ ವಸ್ತುವಿನ ಜಾಡಿನಲ್ಲಿ ಸಿದ್ಧವಾದ ಈ ಮದ್ದನ್ನು ಮಧುಮೇಹಿಗಳಿಗೆ ಕೊಟ್ಟ ಫಲವನ್ನು ಪ್ಯಾರಿಸಿನ ವೈದ್ಯ ಸ್ಟರ್ನ್ 1957ರಲ್ಲಿ ಪ್ರಕಟಿಸಿದರು.

ಕಲೋಂಜಿ ಎಣ್ಣೆಯಲ್ಲಿ ಥೈಮೋಕ್ವಿನೋನ್ ಎಂಬ ಅಂಶವಿದೆ. ಅದು ಇಲಿಗಳಲ್ಲಿ ಸಕ್ಕರೆ ಇಳಿಸಿದೆ. ಮನುಷ್ಯರ ಮೇಲೆ ನಡೆದ ಕೆಲವು ಸಣ್ಣ ಪರೀಕ್ಷೆಗಳಲ್ಲಿಯೂ, ಗುಳಿಗೆಯ ಜೊತೆಗೆ ಕಲೋಂಜಿ ಕೊಟ್ಟಾಗ, ಬರಿ ಹೊಟ್ಟೆಯ ಸಕ್ಕರೆ ತುಸು ಇಳಿದಿದೆ. ಜೊತೆಗೆ ಎಂಬ ಮಾತನ್ನು ಸೀಸೆ ಮಾರುವವರು ನುಂಗಿಬಿಡುತ್ತಾರೆ. (ಮಂಡಈಯಲ್ಲಿ ಕಾರಳೆ ಎಂದು ಕೇಳಿದರೆ ಸಿಗುವುದು ನಮ್ಮ ಗುರೆಳ್ಳು. ಚಟ್ನಿಗೆ ಸೊಗಸು, ಕಲೋಂಜಿ ಬೇರೆ.)

ಮೆಂತ್ಯದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶರ್ಮಾ ಮತ್ತು ಸಂಗಡಿಗರು ಇನ್ಸುಲಿನ್ ಪಡೆಯುತ್ತಿದ್ದ ಕೆಲವರಿಗೆ ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ ಕೊಟ್ಟು ನೋಡಿ, ಸಕ್ಕರೆ ಇಳಿದುದನ್ನು 1990ರಲ್ಲಿ ವರದಿ ಮಾಡಿದರು. ಆದರೆ ಅದು ಎಣ್ಣೆ ತೆಗೆದ ಪುಡಿ! ಮೆಂತ್ಯ ನೆನೆಸಿದರೆ ಲೋಳೆ ಬರುವುದನ್ನು ತಾಯಂದಿರು ಬಲ್ಲರು. ಮುಖ್ಯವಾಗಿ ಆ ನಾರಿನಂಶವೇ ಕರುಳಿನಿಂದ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಹಾಗಿರುವಾಗ ಮೆಂತ್ಯದ ಎಣ್ಣೆಗೆ ದುಡ್ಡು ತೆರುವುದು ಯಾವ ಲೆಕ್ಕ? ಯಾವ ಎಣ್ಣೆಯೇ ಆಗಲಿ, ಚಹದ ಚಮಚಕ್ಕೆ ಸುಮಾರು 40 ಕ್ಯಾಲರಿ ನಮ್ಮ ಖಾತೆಗೆ ಬೀಳುತ್ತದೆ.

ಇನ್ಸುಲಿನ್ನನ್ನೇ ನಂಬಿದ ರೋಗಿ ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಎರಡನ್ನೂ ಕೂಡಿಸಿ ತೆಗೆದುಕೊಂಡರೆ ಸಕ್ಕರೆ ಮಿತಿಮೀರಿ ಇಳಿದು, ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಆದಕಾರಣ ಎಣ್ಣೆಯ ಸಂಗತಿಯನ್ನು ಡಾಕ್ಟರರಿಗೆ ಮುಚ್ಚಿಡಬಾರದು.

ಅವರು ಒಪ್ಪಿದರೆ ಪರೀಕ್ಷಿಸುವ ದಾರಿ ಇದೆ. ಬೆರಳು ಚುಚ್ಚಿ ನೋಡುವ ಸಕ್ಕರೆ ಆ ಕ್ಷಣದ ಶಿಲ್ಕು. ಎಚ್‌ಬಿಎ1ಸಿ ಎಂಬುದು ಸುಮಾರು ಮೂರು ತಿಂಗಳ ಸರಾಸರಿ. ಊಟ, ಗುಳಿಗೆ, ನಡಿಗೆ ಯಾವುದನ್ನೂ ಬದಲಿಸದೆ, ಎಣ್ಣೆಗೆ ಮುಂಚೆ ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ಇದನ್ನು ಮಾಡಿಸಿ, ಎರಡು ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಸೀಸೆಗೆ ಕೊಟ್ಟ ಹಣವನ್ನೂ ಕೆಳಗೆ ಬರೆದುಕೊಳ್ಳಿರಿ.