ಬೆತ್ ಟ್ವೆಡಲ್: 27ನೇ ವಯಸ್ಸಿಗೆ ಬಂದ ಒಲಿಂಪಿಕ್ಸ್ ಪದಕ

ನಾನು ಮಳವಳ್ಳಿ ತಾಲೂಕಿನ ಕಿರುಗಾವಲಿನಿಂದ ಮಾತಾಡ್ತಿದ್ದೀನಿ. ಶಾಲೆಯಲ್ಲಿ ಪಿ.ಟಿ. ಮೇಡಂ ಆಗಿ ಇಪ್ಪತ್ತು ವರ್ಷ ಆಗ್ತಾ ಬಂತು. ಇವತ್ತು ಹೇಳೋಕೆ ಹೊರಟಿರೋದು ಇಂಗ್ಲೆಂಡಿನ ಜಿಮ್ನಾಸ್ಟ್ ಒಬ್ಬಳ ಬಗ್ಗೆ. ಹೆಸರು ಬೆತ್ ಟ್ವೆಡಲ್.

ಕಿರುಗಾವಲಿಗೂ ಜಿಮ್ನಾಸ್ಟಿಕ್ಸ್‌ಗೂ ಏನು ಸಂಬಂಧ ಅಂತೀರಾ? ನಮ್ಮದು ಮಾವಿನ ತೋಪಿಗೆ ಹೆಸರಾದ ಊರು. ಮರಕೋತಿ ಆಡದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ. ಕೊಂಬೆ ಹಿಡಿದು ಜೀಕೋದು, ಕೈ ಬಿಟ್ಟು ಇನ್ನೊಂದು ಕೊಂಬೆಗೆ ಹಾರೋದು, ಇದನ್ನೆಲ್ಲ ನಮ್ಮ ಹುಡುಗಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಎಲ್ಲಿವರೆಗೆ? "ದೊಡ್ಡವಳಾದ ಮೇಲೂ ಮರ ಹತ್ತುತೀಯಾ?" ಅಂತ ಮನೆಯಲ್ಲಿ ಒಂದು ಮಾತು ಬಂದರೆ ಮುಗೀತು. ಎಂಟನೇ ಕ್ಲಾಸಿಗೆ ಬರೋ ಹೊತ್ತಿಗೆ ನನ್ನ ಆಟದ ಪೀರಿಯಡ್‌ನಲ್ಲಿ ಅರ್ಧ ಹುಡುಗಿಯರು ಕಟ್ಟೆ ಮೇಲೆ ಕೂತಿರ್ತಾರೆ.

ಬೆತ್ ಹುಟ್ಟಿದ್ದು 1985ರಲ್ಲಿ, ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಚೆಷೈರ್‌ನಲ್ಲಿ. ಏಳನೇ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಶುರು, ಹನ್ನೆರಡಕ್ಕೆ ಲಿವರ್‌ಪೂಲ್ ಕ್ಲಬ್. ಆಗ ಜಿಮ್ನಾಸ್ಟಿಕ್ಸ್ ಅಂದ್ರೆ ರಷ್ಯಾ, ರೊಮೇನಿಯಾ, ಚೀನಾ, ಅಮೆರಿಕ. ಬ್ರಿಟನ್ನಿನ ಮಹಿಳೆಯರ ತಂಡ 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಂಚು ಗೆದ್ದಿದ್ದು ಬಿಟ್ಟರೆ ಒಲಿಂಪಿಕ್ಸ್‌ನಲ್ಲಿ ಹೇಳಿಕೊಳ್ಳೋಕೆ ಅವರ ಹತ್ತಿರ ಏನೂ ಇರಲಿಲ್ಲ.

ಬೆತ್‌ಗೆ ಒಲಿದದ್ದು ಅನ್‌ಈವನ್ ಬಾರ್ಸ್. ಎರಡು ಕಂಬಿ. ಒಂದು ನೆಲದಿಂದ 170 ಸೆಂಟಿಮೀಟರ್ ಎತ್ತರ, ಇನ್ನೊಂದು 250. ಎತ್ತರದ ಕಂಬಿಯಲ್ಲಿ ಜೀಕಿ, ಕೈ ಬಿಟ್ಟು, ಗಾಳಿಯಲ್ಲಿ ಕಂಬಿಯ ಮೇಲಿಂದಲೇ ಹಾರಿ ಮತ್ತೆ ಅದನ್ನೇ ಹಿಡೀಬೇಕು. ಒಂದು ಗೇಣು ಹೆಚ್ಚುಕಮ್ಮಿ ಆದ್ರೂ ನೆಲ ಕಾಣ್ತಾರೆ. ಬೇರೆಯವರು ಇಂಥ ಹಾರಾಟ ಒಂದೆರಡು ಮಾಡಿ ಉಸಿರು ಬಿಡೋ ಕಡೆ ಬೆತ್ ಒಂದರ ಬಾಲಕ್ಕೆ ಇನ್ನೊಂದನ್ನ ಕಟ್ಟಿದ ಹಾಗೆ ಮಾಡ್ತಿದ್ದಳು. ಯೂಟ್ಯೂಬ್‌ನಲ್ಲಿ ಸಿಗುತ್ತೆ, ನೋಡಿ.

2002ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು, 2003ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಬ್ರಿಟನ್ನಿನ ಮಹಿಳೆಗೆ ಎರಡೂ ಮೊದಲು. 2006ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ವಿಶ್ವ ಚಿನ್ನ. 2009ರಲ್ಲಿ ಲಂಡನ್ನಿನಲ್ಲಿ ಬೇರೆಯದೇ ಆಯ್ತು: ತನ್ನದೇ ಅಂತಿದ್ದ ಬಾರ್ಸ್‌ನ ಅರ್ಹತಾ ಸುತ್ತಿನಲ್ಲಿ ಬಿದ್ದು ಫೈನಲ್ ತಪ್ಪಿತು, ಅದೇ ಕೂಟದಲ್ಲಿ ಫ್ಲೋರ್‌ನಲ್ಲಿ ಚಿನ್ನ ಗೆದ್ದಳು. ಮರುವರ್ಷ ರಾಟರ್‌ಡ್ಯಾಮ್‌ನಲ್ಲಿ ಬಾರ್ಸ್ ಚಿನ್ನ ಮತ್ತೆ ಕೈಗೆ ಬಂತು.

ಆದರೆ ಒಲಿಂಪಿಕ್ಸ್? 2008ರ ಬೀಜಿಂಗ್‌ನಲ್ಲಿ ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು 0.025 ಅಂಕದಲ್ಲಿ. ಆಗ ಆಕೆಗೆ 23. ಕಾಲೇಜು ಮುಗಿಸಿ ಡಿಗ್ರಿ ಪಡೆದಾಗಿತ್ತು. ಹುಡುಗಿಯರ ಜಿಮ್ನಾಸ್ಟಿಕ್ಸ್‌ನಲ್ಲಿ 23 ಅಂದ್ರೆ ನಿವೃತ್ತಿ ಅಂತಲೇ ಬಹಳ ಜನರ ಲೆಕ್ಕ. ಯಾಕೆ ಹೀಗೆ? 1976ರ ಮಾಂಟ್ರಿಯಲ್‌ನಲ್ಲಿ 14 ವರ್ಷದ ನಾಡಿಯಾ ಕೊಮನೆಚಿ ಗೆದ್ದಾಗಿನಿಂದ ಜಗತ್ತಿಗೆ ಚಿಕ್ಕ ಮೈಯೇ ಚೆಂದ ಅನಿಸಿಬಿಡ್ತು. ಆ ವರ್ಷದೊಳಗೆ ಹದಿನಾರು ತುಂಬದವರನ್ನ ದೊಡ್ಡ ಸ್ಪರ್ಧೆಗೆ ಬಿಡಬಾರದು ಅನ್ನೋ ನಿಯಮ 1997ರಲ್ಲಿ ಬಂತು. ಆದರೂ ಮೈ ಬೆಳೆಯೋದೇ ತಪ್ಪು ಅನ್ನೋ ಮನಸ್ಸು ಹೋಗಲಿಲ್ಲ. ಬ್ರಿಟನ್ನಿನಲ್ಲೇ 2022ರಲ್ಲಿ ವೈಟ್ ವರದಿ ಬಂತಲ್ಲ, ಅದರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಜೊತೆಗೆ ತೂಕ, ಊಟದ ವಿಚಾರದಲ್ಲಿ ಅವರನ್ನ ಹಿಂಡಿದ್ದೂ ದಾಖಲಾಗಿದೆ. ಇಲ್ಲಿ ಹುಡುಗಿ ದೊಡ್ಡವಳಾದಳು ಅಂತ ಮರದಿಂದ ಇಳಿಸ್ತೀವಿ. ಅಲ್ಲಿ ದೊಡ್ಡವಳಾಗಬೇಡ ಅಂತ ಊಟಕ್ಕೇ ಕಣ್ಣು ಹಾಕಿದ್ರು. ನನಗಂತೂ ಎರಡೂ ಒಂದೇ ಥರ ಕಾಣುತ್ತೆ.

ಬೆತ್ ಬಿಡಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿದ್ದಾಗ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಆಗಸ್ಟ್ 6ಕ್ಕೆ ಫೈನಲ್. ಕಂಬಿ ಮೇಲೆ ಎಲ್ಲ ಸರಿಯಾಗೇ ನಡೀತು. ಇಳಿಯುವಾಗ ಕಾಲು ನಿಲ್ಲಲಿಲ್ಲ, ಹಿಂದಕ್ಕೆ ಸರಿದುಬಿಡ್ತು. ಅಂಕ 15.916. ರಷ್ಯಾದ ಆಲಿಯಾ ಮುಸ್ತಫಿನಾಗೆ ಚಿನ್ನ, ಚೀನಾದ ಹೆ ಕೆಶಿನ್‌ಗೆ ಬೆಳ್ಳಿ, ಬೆತ್‌ಗೆ ಕಂಚು. ಬ್ರಿಟನ್ನಿನ ಮಹಿಳೆಯೊಬ್ಬಳಿಗೆ ಜಿಮ್ನಾಸ್ಟಿಕ್ಸ್‌ನಲ್ಲಿ ಸಿಕ್ಕ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ ಅದು. ವಯಸ್ಸು 27.

2013ರಲ್ಲಿ ನಿವೃತ್ತಿ. ಆಮೇಲಿನದು ಸುಖದ ಕಥೆ ಅಂದ್ಕೋಬೇಡಿ. 2014ರಲ್ಲಿ ಟ್ವಿಟರ್‌ನಲ್ಲಿ ಕ್ರೀಡೆಯಲ್ಲಿ ಮಹಿಳೆಯರ ಬಗ್ಗೆ ಪ್ರಶ್ನೋತ್ತರಕ್ಕೆ ಕೂತರೆ ಜನ ಕೇಳಿದ್ದು ಆಟದ ಬಗ್ಗೆ ಅಲ್ಲ, ಮುಖದ ಬಗ್ಗೆ ಕೆಟ್ಟದಾಗಿ ಬರೆದ್ರು. ಮೂರು ಸಲ ವಿಶ್ವ ಚಾಂಪಿಯನ್ ಆದವಳಿಗೆ! 2016ರಲ್ಲಿ ಟಿ.ವಿ. ಶೋ ಒಂದಕ್ಕೆ ಸ್ಕೀ ಜಂಪ್ ಮಾಡೋಕೆ ಹೋಗಿ ಕುತ್ತಿಗೆಯ ಮೂಳೆ ಮುರೀತು, ಶಸ್ತ್ರಚಿಕಿತ್ಸೆ ಆಯ್ತು. ಕಂಬಿ ಮೇಲೆ ಅಷ್ಟು ವರ್ಷ ಹಾರಿದವಳಿಗೆ ಪೆಟ್ಟು ಬಿದ್ದಿದ್ದು ಎಲ್ಲೋ ನೋಡಿ.

ನಮ್ಮ ದೇಶದ ದೀಪಾ ಕರ್ಮಾಕರ್ ಕೂಡ ಇದೇ ದಾರಿ. ತ್ರಿಪುರಾದ ಅಗರ್ತಲಾದ ಹುಡುಗಿ. 2016ರ ರಿಯೊದಲ್ಲಿ ವಾಲ್ಟ್‌ನಲ್ಲಿ ನಾಲ್ಕನೆಯವಳು, 0.150 ಅಂಕಕ್ಕೆ ಕಂಚು ಹೋಯ್ತು. ಆಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ನಿಷೇಧ, ಎಲ್ಲ ನೋಡಿದ್ಲು. 2024ರಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದಾಗ ವಯಸ್ಸು 30.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು. ಲಾಂಗ್ ಜಂಪ್‌ನಲ್ಲಿ ಒಳ್ಳೆ ಕಾಲು. "ಇನ್ನು ಸಾಕು ಮೇಡಂ, ವಯಸ್ಸಾಯ್ತಲ್ಲ" ಅಂದ್ರು ಅವರಮ್ಮ. ಹದಿನಾಲ್ಕಕ್ಕೆ! ಅವರನ್ನ ಕೂರಿಸಿಕೊಂಡು ಮೊಬೈಲ್‌ನಲ್ಲಿ ಬೆತ್ ವಿಡಿಯೊ, ದೀಪಾ ವಿಡಿಯೊ ಎರಡೂ ತೋರಿಸಿದೆ. ಆಯಮ್ಮ ಪೂರ್ತಿ ನೋಡಿದ್ರು. "ಈ ಹೆಣ್ಣುಮಕ್ಕಳಿಗೆ ಮದುವೆ ಆಗಿತ್ತಾ?" ಅಂತ ಕೇಳಿದ್ರು. ಆಗಿನ್ನೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಲೂಕು ಕೂಟ ಯಾವಾಗ?" ಅಂದ್ರು.