ಗುರು ಅಡವಿಗೆ ಹೋದದ್ದು ಏಕೆ?

(ಸುವರ್ಣ ಮಹೋತ್ಸವದ ಗುರುವಂದನಾ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಗುರುವಂದನೆ ಎಂದರೆ ಗುರುಗಳ ಹಿರಿಮೆಯನ್ನು ಹೇಳುವ ಕಾರ್ಯಕ್ರಮ. ಅದನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ನಾನು ಸೋತ ಗುರುಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಾರ ಹಾಕುವ ಹೊತ್ತಿನಲ್ಲಿ ಇದೇನು ಮಾತು ಎಂದು ಸಿಟ್ಟಾಗಬೇಡಿರಿ. ಮೂರು ದಶಕಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದವನು ನಾನು. ಶಿಕ್ಷಕರ ಕೊಠಡಿಯಲ್ಲಿ ಯಾರೂ ಬಾಯಿ ಬಿಟ್ಟು ಆಡದ ಮಾತೆಂದರೆ ಇದೇ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಒಂದು ಸಿನಿಮಾದಿಂದ. ಹುಡುಗರು ಮೊಬೈಲಿನಲ್ಲಿ ನೋಡುವ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಚಿತ್ರಮಾಲೆ. ಜಾರ್ಜ್ ಲ್ಯೂಕಸ್ ಎಂಬಾತ 1977ರಲ್ಲಿ ಇದನ್ನು ಶುರು ಮಾಡಿದ. ಮೊದಮೊದಲು ನಾನೂ ಇದು ಬರೀ ಹಾರುವ ಯಂತ್ರ, ಹೊಳೆಯುವ ಕತ್ತಿಗಳ ಗದ್ದಲ ಎಂದುಕೊಂಡಿದ್ದೆ. ಮೊಮ್ಮಗನ ಸಲುವಾಗಿ ಕುಳಿತು ನೋಡಿದ ಮೇಲೆ ಗೊತ್ತಾಯಿತು, ಇದು ನಮ್ಮ ಪಾರಿಜಾತದವರು, ದೊಡ್ಡಾಟದವರು ರಾತ್ರಿಯಿಡೀ ಆಡಬಹುದಾದ ಕಥೆ. ಗುರುಗಳಿದ್ದಾರೆ, ಶಿಷ್ಯನಿದ್ದಾನೆ, ಶಿಷ್ಯ ಕೆಟ್ಟು ರಾಕ್ಷಸನಾಗುತ್ತಾನೆ, ಗುರುಗಳು ಅಡವಿ ಸೇರುತ್ತಾರೆ.

ಕಥೆ ಸ್ವಲ್ಪ ಹೇಳಬೇಕು. ಜೆಡೈ ಎಂಬ ಒಂದು ಗುರುಪರಂಪರೆ. ಅದರಲ್ಲಿ ಎಲ್ಲರಿಗಿಂತ ಹಿರಿಯ ಯೋಡಾ. ಮೊಣಕಾಲೆತ್ತರದ ಹಸಿರು ಮುದುಕ, ವಯಸ್ಸು ಒಂಬೈನೂರರ ಹತ್ತಿರ. ಇನ್ನೊಬ್ಬ ಗುರು ಓಬಿ-ವಾನ್. ಅವನ ಶಿಷ್ಯ ಅನಾಕಿನ್, ಗುಲಾಮಳ ಮಗ, ಒಂಬತ್ತು ವರ್ಷಕ್ಕೇ ತಾಯಿಯನ್ನು ಬಿಟ್ಟು ಬಂದವನು. ಬುದ್ಧಿಯಲ್ಲಿ ಬೆಂಕಿ. ಅಂಥ ಹುಡುಗನೇ ಮುಂದೆ ಡಾರ್ತ್ ವೇಡರ್ ಎಂಬ ಕರಿ ಮುಖವಾಡದ ಕ್ರೂರಿಯಾಗಿ, ತನ್ನ ಗುರುಮನೆಯ ಮಕ್ಕಳನ್ನೇ ಕೊಲ್ಲುತ್ತಾನೆ. ಆಗ ಯೋಡಾ ತಾನು ಸೋತೆನೆಂದು ಒಪ್ಪಿಕೊಂಡು ಡಗೋಬಾ ಎಂಬ ಕೆಸರು ಕಾಡಿಗೆ ಹೋಗಿ ಇಪ್ಪತ್ತು ವರ್ಷಕ್ಕೂ ಮೇಲೆ ಗುಡಿಸಲಿನಲ್ಲಿ ಕೂಡುತ್ತಾನೆ. ಓಬಿ-ವಾನ್ ಮರಳುಗಾಡಿಗೆ ಹೋಗಿ, ಅನಾಕಿನ್‌ನ ಮಗ ಲ್ಯೂಕ್ ಬೆಳೆಯುವುದನ್ನು ಹತ್ತೊಂಬತ್ತು ವರ್ಷ ದೂರದಿಂದ ಕಾಯುತ್ತಾನೆ.

ಸಾಮಾನ್ಯವಾಗಿ ನೋಡುವವರು ಹೇಳುವುದು, ಶತ್ರು ಬಲವಾಗಿದ್ದ, ಅದಕ್ಕೆ ಗುರುಗಳು ಸೋತರು ಎಂದು. ನನಗೆ ಹಾಗೆ ಕಾಣಲಿಲ್ಲ. ಅವರ ಸೋಲು ಕತ್ತಿ ಕಾಳಗಕ್ಕಿಂತ ಬಹಳ ಮೊದಲೇ ಆಗಿತ್ತು. ಹುಡುಗನಿಗೆ ರಾತ್ರಿ ಕೆಟ್ಟ ಕನಸು. ಮೊದಲು ತಾಯಿ ನರಳುವ ಕನಸು ಬಿತ್ತು, ತಾಯಿ ಸತ್ತಳು. ಮುಂದೆ ಹೆಂಡತಿ ಸಾಯುವ ಕನಸು ಬೀಳತೊಡಗಿತು. ಮದುವೆಯಾದದ್ದನ್ನೇ ಗುರುಗಳಿಂದ ಮುಚ್ಚಿಟ್ಟಿದ್ದ, ಏಕೆಂದರೆ ಅಲ್ಲಿ ಅದಕ್ಕೆ ಅಪ್ಪಣೆಯಿಲ್ಲ. ಆದರೂ ಅಂಜುತ್ತಾ ಯೋಡಾನ ಬಳಿ ಹೋಗಿ ಅರ್ಧ ಮಾತು ಹೇಳುತ್ತಾನೆ. ಯೋಡಾ ಕೊಟ್ಟ ಉತ್ತರ ವೈರಾಗ್ಯದ್ದು: ಕಳೆದುಕೊಳ್ಳಲು ಹೆದರುವುದನ್ನೆಲ್ಲ ಬಿಡುವುದನ್ನು ಕಲಿ ಎಂದು. ಉತ್ತರದಲ್ಲಿ ತಪ್ಪೇನಿಲ್ಲ, ಯಾವ ಮಠದಲ್ಲಿಯೂ ಒಪ್ಪುವ ಉತ್ತರವೇ. ಆದರೆ ‘ಯಾರ ಬಗ್ಗೆ ಕನಸು ಬಿತ್ತು ತಮ್ಮಾ?’ ಎಂದು ಆ ಮುದುಕ ಹತ್ತಿರ ಕೂಡಿಸಿಕೊಂಡು ಪಟ್ಟು ಹಿಡಿದು ಕೇಳಲಿಲ್ಲ. ಕೇಳಿದವನು ಬೇರೆಯವನು, ಹುಡುಗನನ್ನು ಕೆಡಿಸಬೇಕೆಂದೇ ಕಾದವನು. ಅವನಿಗೆ ಪುರುಸೊತ್ತಿತ್ತು. ಶಿಕ್ಷಕ ಬಂಧುಗಳೇ, ಹೊಲಕ್ಕೆ ಹೋಗಿ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನ ಮಾತು ಕೇಳಲು ನಮಗೆ ಪುರುಸೊತ್ತಿಲ್ಲದಿದ್ದರೆ, ಓಸಿ ಬರೆಸುವವನಿಗೆ ಪುರುಸೊತ್ತು ಇದ್ದೇ ಇರುತ್ತದೆ.

ಎರಡನೆಯ ಮಾತು ಇನ್ನೂ ವಿಚಿತ್ರ. ಅಡವಿಯಲ್ಲಿ ಇಪ್ಪತ್ತು ವರ್ಷ ಕುಳಿತರೂ ಆ ಗುರುಗಳು ಪೂರ್ತಿ ತಿದ್ದಿಕೊಳ್ಳಲಿಲ್ಲ. ಲ್ಯೂಕ್‌ನಿಗೆ ನಿನ್ನ ತಂದೆಯನ್ನು ವೇಡರ್ ಕೊಂದ ಎಂದು ಓಬಿ-ವಾನ್ ಹೇಳುತ್ತಾನೆ. ತಂದೆಯೇ ವೇಡರ್ ಎಂಬುದನ್ನು ಮುಚ್ಚಿಡುತ್ತಾನೆ. ಮುಂದೆ ಸತ್ಯ ಹೊರಬಿದ್ದಾಗ, ಒಂದು ಅರ್ಥದಲ್ಲಿ ನಾನು ಹೇಳಿದ್ದೂ ನಿಜವೇ ಎಂದು ವಾದಿಸುತ್ತಾನೆ! ನಮ್ಮ ಕೆಲವು ಸಮಜಾಯಿಷಿ ಪತ್ರಗಳು ಹೀಗೇ ಇರುತ್ತವೆ. ಇಬ್ಬರೂ ಗುರುಗಳ ಅಭಿಪ್ರಾಯ ಒಂದೇ: ವೇಡರ್ ತಿದ್ದುವವನಲ್ಲ, ಅವನನ್ನು ಎದುರಿಸಿ ಮುಗಿಸಲೇಬೇಕು. ಲ್ಯೂಕ್ ಮಾತ್ರ ನಮ್ಮಪ್ಪನಲ್ಲಿ ಇನ್ನೂ ಒಳ್ಳೆಯದು ಉಳಿದಿದೆ ಎಂದು ಹೋಗಿ, ಕೊನೆಗೆ ಕತ್ತಿಯನ್ನು ಬಿಸಾಡಿ ನಿಲ್ಲುತ್ತಾನೆ. ಅದರಿಂದಲೇ ತಂದೆ ತಿರುಗಿ ಮನುಷ್ಯನಾಗುತ್ತಾನೆ. 1983ರ ಚಿತ್ರದಲ್ಲಿ ಇದು ಬರುತ್ತದೆ. ಗುರುವಿನ ಮಾತು ಮೀರಿದ ಶಿಷ್ಯನೇ ಗುರುಗಳ ಕೆಲಸವನ್ನು ಪೂರೈಸಿದ. ಗುರುವಂದನೆಯಲ್ಲಿ ಈ ಮಾತು ಹೇಳುವುದು ಕಠಿಣ, ಆದರೂ ಹೇಳಿದೆ.

ಆ ಲ್ಯೂಕನೇ ಮುದುಕನಾದ ಮೇಲಿನ ಕಥೆ 2017ರಲ್ಲಿ ಬಂತು. ಅವನೂ ಗುರುಕುಲ ತೆರೆದ, ಅವನ ಸೋದರಳಿಯನೇ ಶಿಷ್ಯ. ಹುಡುಗನ ಮನಸ್ಸಿನಲ್ಲಿ ಕತ್ತಲೆ ಕಂಡು ಒಂದು ರಾತ್ರಿ ಮಲಗಿದ್ದವನ ಮೇಲೆ ಲ್ಯೂಕ್ ಕತ್ತಿ ಎತ್ತಿದ. ಒಂದೇ ಕ್ಷಣ, ಕೂಡಲೇ ನಾಚಿದ. ಆದರೆ ಹುಡುಗ ಕಣ್ಣು ತೆರೆದು ನೋಡಿಬಿಟ್ಟಿದ್ದ. ಗುರುಕುಲ ಸುಟ್ಟುಹೋಯಿತು. ಲ್ಯೂಕ್ ಸಮುದ್ರದ ನಡುವಿನ ಒಂದು ಬಂಡೆಗುಡ್ಡ ಸೇರಿದ. ಆ ದೃಶ್ಯಗಳನ್ನು ತೆಗೆದದ್ದು ಐರ್ಲೆಂಡ್ ದೇಶದ ಸ್ಕೆಲ್ಲಿಗ್ ಮೈಕಲ್ ಎಂಬ ದ್ವೀಪದಲ್ಲಿ. ಅಲ್ಲಿ ಹಿಂದಿನ ಕಾಲದ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಕಲ್ಲಿನ ಗುಡಿಸಲುಗಳು ಈಗಲೂ ಇವೆ.

ಈ ಕಥೆ ನೋಡುವಾಗ ನನಗೆ ನೆನಪಾದವರು ಅಣ್ಣ ಬಸವಣ್ಣನವರು. ಹೋಲಿಕೆ ಸರಿಯಲ್ಲ ಎನ್ನುವವರು ಇರಬಹುದು. ಪಾತ್ರಗಳನ್ನು ನಾನು ಹೋಲಿಸುತ್ತಿಲ್ಲ, ಆ ಹೊತ್ತನ್ನು ಮಾತ್ರ ನೋಡುತ್ತಿದ್ದೇನೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆಯಿತು. ಬಿಜ್ಜಳ ಆ ಇಬ್ಬರು ತಂದೆಯರಿಗೂ ಘೋರ ಮರಣದಂಡನೆ ಕೊಟ್ಟ. ಬಸವಣ್ಣನವರು ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋದರು. ಆಮೇಲೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಹಿಂಸೆ ಬೇಡವೆಂದವರ ಕಣ್ಣೆದುರು ಇಷ್ಟೂ ನಡೆಯಿತು. ನಮ್ಮ ಧುಪದಾಳದ ಒಡ್ಡು ದಾಟಿ ಹೋಗುವ ಘಟಪ್ರಭೆಯ ನೀರು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಆಮೇಲೆ ಕೂಡಲಸಂಗಮದ ಮುಂದೆಯೇ ಹಾಯುತ್ತದೆ. ಅದನ್ನು ನೆನೆದರೆ ಆ ಕಥೆ ಬಹಳ ದೂರದ್ದು ಎನಿಸುವುದಿಲ್ಲ.

ಕಲ್ಯಾಣ ಅಂದು ಸೋತಿತು ಎಂದೇ ನಾನು ಹೇಳುತ್ತೇನೆ. ಸೋಲಲಿಲ್ಲ ಎಂದು ಸುಲಭವಾಗಿ ಹೇಳಿದರೆ ಸತ್ತವರಿಗೆ ಅಪಚಾರ. ಆದರೆ ಹೊರಟವರು ಬರಿಗೈಯಲ್ಲಿ ಹೋಗಲಿಲ್ಲ. ಚನ್ನಬಸವಣ್ಣನವರು ಉಳವಿಯ ಕಾಡಿಗೆ ಹೋದರು. ಡೋಹರ ಕಕ್ಕಯ್ಯನವರ ಹೆಸರು ನಮ್ಮ ಜಿಲ್ಲೆಯ ಕಕ್ಕೇರಿಯಲ್ಲಿ ನಿಂತಿತು. ಗಂಗಾಂಬಿಕೆಯವರ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯಲ್ಲಿದೆ. ವಚನಗಳು ತಾಡೋಲೆಗಳಲ್ಲಿ ಮನೆಮನೆಯ ಜಂತಿಯಲ್ಲಿ, ಜಗಲಿಯಲ್ಲಿ ಉಳಿದವು. ಎಷ್ಟೋ ನೂರು ವರ್ಷದ ಮೇಲೆ ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಚಿತ್ರದಲ್ಲಿಯೂ ಇಂಥದೊಂದು ಇದೆ. ಯೋಡಾನ ಆತ್ಮ ಬಂದು ದ್ವೀಪದ ಗ್ರಂಥವೃಕ್ಷಕ್ಕೆ ಸಿಡಿಲು ಹೊಡೆಸಿ ಸುಡುತ್ತದೆ, ಲ್ಯೂಕ್ ಎಲ್ಲ ಹೋಯಿತೆಂದು ಒದ್ದಾಡುತ್ತಾನೆ. ಗ್ರಂಥಗಳನ್ನು ಮಾತ್ರ ಹೊಸ ಶಿಷ್ಯೆ ಮೊದಲೇ ತೆಗೆದುಕೊಂಡು ಹೋಗಿರುತ್ತಾಳೆ.

ಅದೇ 1923ರಲ್ಲಿ ಇನ್ನೊಂದು ಕೆಲಸ ಶುರುವಾಯಿತು, ಅದು ನಮಗೆ ಇನ್ನೂ ಹತ್ತಿರದ್ದು. ಡಾ. ನಾ.ಸು. ಹರ್ಡೀಕರ ಅವರು ಹಿಂದುಸ್ತಾನಿ ಸೇವಾದಳ ಕಟ್ಟಿದರು. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು ಬಂದ ವೈದ್ಯರು ಅವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಸ್ವಯಂಸೇವಕರ ಶಿಸ್ತು ದೇಶಕ್ಕೇ ಕಂಡಿತು. 1932ರಲ್ಲಿ ಬ್ರಿಟಿಷ್ ಸರ್ಕಾರ ದಳವನ್ನು ನಿಷೇಧಿಸಿತು. ಕೈಯಾರೆ ಬೆಳೆಸಿದ್ದು ಮುರಿದಾಗ ಗುಡ್ಡ ಸೇರಿದರೂ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವರು ನಂಟು ಬೆಳೆಸಿಕೊಂಡದ್ದು ನಮ್ಮ ಪಕ್ಕದ ಘಟಪ್ರಭೆಯ ಜೊತೆ, ಆಸ್ಪತ್ರೆ, ಸೇವೆ, ತರಬೇತಿಗಳ ಜೊತೆ. ಮುಂದೆ ರಾಜ್ಯಸಭೆಯ ಸದಸ್ಯರಾಗಿದ್ದಾಗಲೂ ಆ ನಂಟು ಬಿಡಲಿಲ್ಲ. ದ್ವೀಪದ ಮುದುಕನಿಗೂ ಈ ಮುದುಕರಿಗೂ ಇರುವ ಅಂತರ ಇದು. ನನ್ನ ಓಟು ಯಾರಿಗೆ ಎಂದು ಕೇಳಿದರೆ ಹರ್ಡೀಕರರಿಗೇ.

ಈಗ ಒಬ್ಬ ಮಾಸ್ತರರ ಸುದ್ದಿ ಹೇಳಿ ಮುಗಿಸುತ್ತೇನೆ. ಊರು, ಸಾಲಿ, ಜಿಲ್ಲೆ ಯಾವುದೂ ಬೇಡ. ಅವರು ನನಗೆ ಹಿರಿಯ ಸಹೋದ್ಯೋಗಿ, ಗಣಿತದವರು. ಒಬ್ಬ ಬಡ ಹುಡುಗನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದರು. ಹುಡುಗ ದೊಡ್ಡವನಾಗಿ ಒಂದು ನೇಮಕಾತಿ ಪರೀಕ್ಷೆಯ ಮೋಸದಲ್ಲಿ ಸಿಕ್ಕಿಬಿದ್ದ, ಪೇಪರಿನಲ್ಲಿ ಫೋಟೋ ಬಂತು. ಮಾಸ್ತರರು ಮರುವರ್ಷವೇ ಸ್ವಯಂನಿವೃತ್ತಿ ತೆಗೆದುಕೊಂಡು ಹೊಲದ ಮನೆ ಸೇರಿದರು. ಸಾಲಿಯ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಆಮಂತ್ರಣ ಹಿಡಿದು ಹೋದವರಿಗೆ ಚಹಾ ಕುಡಿಸಿ ಕಳಿಸುತ್ತಾರೆ. ಊರವರು ‘ಅವರ ತಪ್ಪೇನು?’ ಎನ್ನುತ್ತಾರೆ. ಆ ಮಾತು ಅವರಿಗೆ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಅವರು ತಪ್ಪು ಹುಡುಕುತ್ತಿಲ್ಲ, ಹುಡುಗನನ್ನು ಹುಡುಕುತ್ತಿದ್ದಾರೆ.

ಹೋದ ಉಗಾದಿಯ ಹೊತ್ತಿಗೆ ಅವರ ಹೊಲಕ್ಕೆ ಹೋಗಿದ್ದೆ. ಮಾತು ಸಾಗಲಿಲ್ಲ. ಏನೂ ತೋಚದೆ ಈ ಸಿನಿಮಾದ ಕಥೆ ಹೇಳಿದೆ. ಎಮ್ಮೆಗೆ ಹಿಂಡಿ ಕಲಸುತ್ತಾ ಕೇಳಿದರು. ಮುಗಿದ ಮೇಲೆ, ‘ಆ ಗುಡ್ಡದಾಗ ಅಂವ ಉಣ್ಣಾಕ ಏನು ಮಾಡ್ತಿದ್ದ?’ ಎಂದರು. ಸಮುದ್ರದ ದಂಡೆಯಲ್ಲಿ ಎಮ್ಮೆಯಂಥದೇ ಒಂದು ಪ್ರಾಣಿ ಇತ್ತು, ಅದರ ಹಸಿರು ಹಾಲು ಕರೆದು ಕುಡಿಯುತ್ತಿದ್ದ ಎಂದೆ. ಇಬ್ಬರೂ ಬಹಳ ನಕ್ಕೆವು. ಆಮೇಲೆ ತಾವಾಗಿಯೇ ಕೇಳಿದರು, ‘ಆ ಅಳಿಯ ಹುಡುಗ ಕಡೀಕ ಏನಾದ?’

ಕೊನೆಯ ಚಿತ್ರದಲ್ಲಿ ತಿರುಗಿ ಬರುತ್ತಾನೆ, ತಾಯಿಯ ದನಿ ಅವನನ್ನು ಮುಟ್ಟುತ್ತದೆ, ಆದರೆ ಅಷ್ಟರಲ್ಲಿ ಲ್ಯೂಕ್ ಇರುವುದಿಲ್ಲ ಎಂದು ಇದ್ದದ್ದನ್ನು ಹೇಳಿದೆ. ಮಾಸ್ತರರು ಹಿಂಡಿಯ ಬುಟ್ಟಿ ಕೆಳಗಿಟ್ಟು ಕೈ ತೊಳೆದುಕೊಂಡರು. ಅವರ ಹುಡುಗ ಈಗ ತಾಲೂಕಿನ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾನು ಹೋದಾಗಲೆಲ್ಲ ‘ಸರ್ ಆರಾಮ ಅದಾರೇನ್ರಿ?’ ಎಂದು ಕೇಳುತ್ತಾನೆ. ಅದನ್ನು ಅವರಿಗೆ ಹೇಳಿದೆ. ಅಂಗಡಿ ಯಾವ ಓಣಿಯಲ್ಲಿದೆ ಎಂದು ಕೇಳಿದರು. ಹೇಳಿ ಬಂದಿದ್ದೇನೆ.